ನಾಲ್ಕಕ್ಕೆ ತೆಗೀತೀನಿ

ಆಷಾಢದ ಗಾಳಿ ಜೋರಾಗಿದ್ದ ಬುಧವಾರ ಚನ್ನಪಟ್ಟಣದ ಬಳಿಯ ಕೆಂಗಲ್‌ಗೆ ಹೋಗಿದ್ದೆ. ಆಂಜನೇಯನಿಗೆ ಕೈಮುಗಿದು, ಹಳೆಯ ಮೈಸೂರು ರಸ್ತೆಯ ಬದಿಯಲ್ಲಿ ನಾನು ಇಪ್ಪತ್ತು ವರ್ಷಗಳಿಂದ ಬೊಂಬೆ ಕೊಳ್ಳುವ ಅಂಗಡಿಗೆ ಬಂದೆ. ಶಟರ್ ಪೂರ್ತಿ ಮೇಲಿತ್ತು. ಮರದ ಕುದುರೆಗಳು ಎಂದಿನಂತೆ ಜಗಲಿಯ ಮೇಲೆ ಸಾಲಾಗಿ ನಿಂತಿದ್ದವು. ಒಳಗೆ ಮಾಲೀಕರ ಮಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದವನು ತಲೆಯೆತ್ತಿ, “ಬನ್ನಿ ಸಾರ್, ಕೂತ್ಕೊಳ್ಳಿ. ಅಂಗಡಿ ಬಾಗಿಲು ಹಾಕಿದೀನಿ, ನಾಲ್ಕಕ್ಕೆ ತೆಗೀತೀನಿ” ಅಂದ.

ತೆರೆದ ಅಂಗಡಿಯಲ್ಲಿ ಕೂತು ಹಾಗೆ ಹೇಳಿದ್ದು ಒಂದು ಕ್ಷಣ ಅರ್ಥವಾಗಲಿಲ್ಲ. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಅವನ ಆನ್‌ಲೈನ್ ಅಂಗಡಿ ಮೇಂಟೆನೆನ್ಸ್ ಮೋಡ್‌ನಲ್ಲಿತ್ತು, ಅಂದರೆ ದುರಸ್ತಿಗೆಂದು ಸ್ವಲ್ಪ ಹೊತ್ತು ಮುಚ್ಚಿತ್ತು. ಅವನ ಮಟ್ಟಿಗೆ ಈಗ ‘ಅಂಗಡಿ’ ಅಂದರೆ ಅದೇ.

‘ಅಂಗಡಿ’ಯ ಅರ್ಥ ಹೀಗೆ ಬದಲಾದದ್ದಕ್ಕೆ ಕಾರಣ ಈ ರಸ್ತೆಯಲ್ಲೇ ಇದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಪ್ರತಿಯೊಂದು ಕಾರೂ ಒಂದು ಕಾಲದಲ್ಲಿ ಈ ಬೊಂಬೆಗಳ ಮುಂದೆಯೇ ಹಾಯಬೇಕಿತ್ತು. ಕಾರಿನಲ್ಲಿದ್ದ ಮಗು ಕುದುರೆ ನೋಡಿ ಹಟ ಹಿಡಿದರೆ ವ್ಯಾಪಾರ ಆದಂತೆಯೇ. 2023ರ ಮಾರ್ಚ್ 12ರಂದು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೊರಗಿನಿಂದಲೇ ಹೋಗುತ್ತದೆ. ಕಾರುಗಳು ಅತ್ತ ಹೋದವು, ಕುದುರೆಗಳು ಇಲ್ಲೇ ಉಳಿದವು. ಹಳೆಯ ರಸ್ತೆಯ ಎಷ್ಟೋ ಅಂಗಡಿಗಳು ಬಣಗುಟ್ಟಿದವು. ಹಾಗಾಗಿ ಫೋನಿನ ಪರದೆಯ ಮೇಲೆ ತೆರೆದುಕೊಳ್ಳುವ ಅಂಗಡಿ ಇಲ್ಲಿಯವರಿಗೆ ಶೋಕಿಯ ವಸ್ತುವಲ್ಲ. ಆಲೆ ಮರ ಕಡೆದು ಅರಗು ಹಚ್ಚುವ ಕೈಗಳಿಗೆ ಕೂಲಿ ಬರುವ ದಾರಿಗಳಲ್ಲಿ ಅದೂ ಒಂದು.

ಬೊಂಬೆಯ ರುಚಿ ಹತ್ತಿದವರಿಗಾಗಿ ಬರೆಯುವ ಈ ಅಂಕಣದಲ್ಲಿ ಇದುವರೆಗೆ ಮರದ ಬಗ್ಗೆ, ಬಣ್ಣದ ಬಗ್ಗೆ, ಕೇದಗೆ ಗರಿಯಿಂದ ಉಜ್ಜಿ ತರುವ ಹೊಳಪಿನ ಬಗ್ಗೆ ಬರೆದಿದ್ದೇನೆ. ಈ ವಾರ ಬೊಂಬೆಯ ಅಂಗಡಿ ಬಾಗಿಲು ಹಾಕುವ ಬಗೆಯನ್ನು ಕುರಿತು ಬರೆಯುತ್ತೇನೆ. ಅದರಲ್ಲೂ ಕಸುಬು ಇದೆ. ಕಸುಬು ಇಲ್ಲದೆ ಬಾಗಿಲು ಹಾಕಿದರೆ ಏನಾಗುತ್ತದೆ ಎಂಬುದನ್ನು ನಾನು ಹಣ ಕೊಟ್ಟೇ ತಿಳಿದೆ.

ಕಳೆದ ವರ್ಷದ ಮಾತು. ದಸರೆಗೆ ಹದಿನೈದು ದಿನವಿತ್ತು. ಬೊಂಬೆ ಕೂರಿಸುವ ಮನೆಯವರಿಗೆ ಆ ದಿನಗಳ ತರಾತುರಿ ಗೊತ್ತು. ಬೇರೊಂದು ಆನ್‌ಲೈನ್ ಅಂಗಡಿಯಲ್ಲಿ ಮದುವೆ ದಿಬ್ಬಣದ ಸೆಟ್ ಆರಿಸಿ ಯುಪಿಐ ಪಿನ್ ಒತ್ತಿದೆ. ಬ್ಯಾಂಕಿನಿಂದ ಹಣ ಹೋದ ಮೆಸೇಜು ಬಂತು. ಆರ್ಡರ್ ನಂಬರ್ ಬರಬೇಕಾದ ಜಾಗದಲ್ಲಿ ಇಂಗ್ಲಿಷಿನ ಒಂದೇ ಸಾಲು: ಸೈಟ್ ದುರಸ್ತಿಯಲ್ಲಿದೆ. ಎಲ್ಲಿಯವರೆಗೆ? ಹೇಳಿರಲಿಲ್ಲ. ಯಾರನ್ನು ಕೇಳಬೇಕು? ಅದೂ ಇರಲಿಲ್ಲ. ಮೂರು ದಿನ ಅದೇ ಸಾಲು. ಐದನೆಯ ದಿನ ಹಣ ತಾನಾಗಿ ಖಾತೆಗೆ ಮರಳಿತು, ದಿಬ್ಬಣ ಮಾತ್ರ ಬರಲಿಲ್ಲ. ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೆ ಖಾತರಿ ತಲುಪದಿದ್ದರೆ, ವಹಿವಾಟಿನ ದಿನ ಕಳೆದ ಐದು ದಿನಗಳೊಳಗೆ ಅದು ತಾನಾಗಿ ವಾಪಸಾಗಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಆ ನಿಯಮ ನನ್ನ ಹಣ ಉಳಿಸಿತು. ಆ ಅಂಗಡಿಯ ಮೇಲಿದ್ದ ನಂಬಿಕೆಯನ್ನು ಉಳಿಸುವ ನಿಯಮ ಯಾವುದೂ ಇಲ್ಲ.

ಕೆಂಗಲ್‌ನ ಹುಡುಗನಿಗೆ ಈ ಕತೆ ಹೇಳಿದಾಗ ಅವನು ನಗಲಿಲ್ಲ. “ಅವರು ಕಾರ್ಟ್ ನಿಲ್ಲಿಸದೆ ಬಾಗಿಲು ಎಳೆದಿದ್ದಾರೆ ಸಾರ್” ಅಂದ. ತಾನು ಬೆಳಿಗ್ಗೆಯಿಂದ ಮಾಡಿದ್ದನ್ನು ವಿವರಿಸಿದ. ಹನ್ನೆರಡೂವರೆಗೆ ‘ಕೊಳ್ಳಿ’ ಎಂಬ ಗುಂಡಿಯನ್ನು ಮಾತ್ರ ತೆಗೆದಿದ್ದ. ಬೊಂಬೆಯ ಚಿತ್ರ, ಬೆಲೆ ಎಲ್ಲ ಕಾಣುತ್ತಿತ್ತು, ಹೊಸ ಆರ್ಡರ್ ಮಾತ್ರ ಹಾಕುವಂತಿರಲಿಲ್ಲ. ಅದಾಗಲೇ ಹಣ ಕಟ್ಟುತ್ತಿದ್ದವರು ಕಟ್ಟಿ ಮುಗಿಸಲಿ, ಬ್ಯಾಂಕಿನ ಕಡೆಯಿಂದ ಬರಬೇಕಾದ ಖಾತರಿ ಬಂದು ಸೇರಲಿ ಎಂದು ಅರ್ಧ ಗಂಟೆ ಕಾದಿದ್ದಾನೆ. ಒಂದು ಗಂಟೆಗೆ ಪೂರ್ತಿ ಬಾಗಿಲು. ಆಮೇಲೆ ಬ್ಯಾಕಪ್. ಆಮೇಲೆ ಅಪ್‌ಡೇಟ್. ನಾವು ಊರ ಅಂಗಡಿಗಳಲ್ಲಿ ಕಂಡದ್ದೂ ಇದೇ ತಾನೆ? ರಾತ್ರಿ ಶಟರನ್ನು ಅರ್ಧ ಇಳಿಸಿ, ಒಳಗಿದ್ದ ಗಿರಾಕಿಗೆ ಚಿಲ್ಲರೆ ಕೊಟ್ಟು ಕಳಿಸಿ, ಆಮೇಲೆ ಪೂರ್ತಿ ಇಳಿಸುತ್ತಾರೆ. ಒಳಗೆ ಜನ ಇರುವಾಗಲೇ ಧಡ್ ಎಂದು ಶಟರ್ ಎಳೆಯುವ ಅಂಗಡಿಯವರನ್ನು ನಾನು ಕಂಡಿಲ್ಲ.

ಬಾಗಿಲು ಹಾಕಲೇಬೇಕೆ? ಸುದ್ದಿಯ ವೆಬ್‌ಸೈಟುಗಳು ದಿನವೂ ಬದಲಾಗುತ್ತವೆ, ಅವೇನೂ ಮುಚ್ಚುವುದಿಲ್ಲವಲ್ಲ ಎಂದು ಕೇಳಬಹುದು. ಸುದ್ದಿಗೆ ಲೆಕ್ಕದ ಪುಸ್ತಕ ಇಲ್ಲ, ಅಂಗಡಿಗೆ ಇದೆ. ಒಂದು ಗಂಟೆಗೆ ಬ್ಯಾಕಪ್ ತೆಗೆದಿರಿ ಎಂದುಕೊಳ್ಳಿ. ಅಂಗಡಿ ತೆರೆದೇ ಇದೆ. ಒಂದು ಇಪ್ಪತ್ತಕ್ಕೆ ಹಾಸನದ ಅಜ್ಜಿಯೊಬ್ಬರು ಮೊಮ್ಮಗುವಿಗೆ ಗಿಲಕಿ ಕೊಂಡು ಹಣ ಕಟ್ಟಿದರು. ಎರಡು ಗಂಟೆಗೆ ಅಪ್‌ಡೇಟ್ ಕೆಟ್ಟು ಎಲ್ಲ ಹಾಳಾಯಿತು. ನೀವು ಬ್ಯಾಕಪ್ ಹಾಕಿ ಅಂಗಡಿಯನ್ನು ಒಂದು ಗಂಟೆಯ ಸ್ಥಿತಿಗೆ ಮರಳಿಸಿದಿರಿ. ಅಜ್ಜಿಯ ಆರ್ಡರ್ ಈಗ ಪುಸ್ತಕದಲ್ಲೇ ಇಲ್ಲ. ಹಣ ಬಂದಿದೆ, ಯಾರದೆಂದು ತಿಳಿಯದು. ಗಿಲಕಿ ದಾಸ್ತಾನಿನಲ್ಲಿ ಮತ್ತೆ ಒಂದು ಹೆಚ್ಚಾಗಿ ಕೂತಿದೆ, ಅದನ್ನು ಇನ್ನೊಬ್ಬರು ಕೊಳ್ಳುತ್ತಾರೆ. ಬೊಂಬೆಯ ಅಂಗಡಿಗೆ ಇದು ಇನ್ನೂ ಕಷ್ಟ. ಕಾರ್ಖಾನೆಯ ಪ್ಲಾಸ್ಟಿಕ್ಕಿನಂತೆ ಸಾವಿರ ಬಿದ್ದಿರುವುದಿಲ್ಲ. ಕೈಯಲ್ಲಿ ಕಡೆದ ಕೆಲವು ಮಾದರಿಗಳು ಎರಡೋ ಮೂರೋ ಇರುತ್ತವೆ. ಅಂಗಡಿ ಮುಚ್ಚುವುದು ಈ ಲೆಕ್ಕವನ್ನು ಕಾಯುವುದಕ್ಕೆ.

ಹಿಂದಿನ ಕೋಣೆಯಲ್ಲಿ ಲೇತ್ ಮುಂದೆ ಕೂತಿದ್ದ ಅವನ ತಂದೆ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದರು. ಮಿಷನ್ ನಿಲ್ಲಿಸಿ, ಅರ್ಧ ಕಡೆದ ಬುಗುರಿಗೆ ಅಳತೆ ಹಿಡಿಯುತ್ತಾ, “ಓಡೋ ಮಿಷನ್ ಮೇಲೆ ಅಳತೆ ಹಿಡಿದ್ರೆ ಬೆರಳು ಹೋಯ್ತದೆ, ಅಷ್ಟೇ” ಅಂದರು. ಅರಗು ಹಚ್ಚುವುದಕ್ಕೆ ಮರ ತಿರುಗುತ್ತಲೇ ಇರಬೇಕು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಅಳತೆಗೆ, ಹೊಸ ತುಂಡು ಕೂರಿಸುವುದಕ್ಕೆ ಮಾತ್ರ ನಿಲ್ಲಬೇಕು. ಯಾವುದನ್ನು ಓಡುತ್ತಿರುವಾಗ ಮಾಡಬೇಕು, ಯಾವುದನ್ನು ನಿಲ್ಲಿಸಿ ಮಾಡಬೇಕು ಎಂಬುದು ಅವರಿಗೆ ಕೈಯಲ್ಲೇ ಇದೆ. ಮಗ ಅದನ್ನು ಪರದೆಯ ಮೇಲೆ ಕಲಿಯುತ್ತಿದ್ದಾನೆ. ಒಂದು ಬೆಲೆ ತಿದ್ದಲು, ಒಂದು ಚಿತ್ರ ಬದಲಿಸಲು ಅವನು ಬಾಗಿಲು ಹಾಕುವುದಿಲ್ಲ. ಹಣ ಕಟ್ಟುವ ಪ್ಲಗಿನ್ ಬದಲಾಗುವಾಗ, ಡೇಟಾಬೇಸ್ ಮುಟ್ಟುವಾಗ ಹಾಕುತ್ತಾನೆ.

ಇನ್ನೊಂದು ವಿಷಯದಲ್ಲೂ ಅವನು ತಂದೆಯ ಮಗನೇ. ಹಸಿ ಮರವನ್ನು ಇಲ್ಲಿ ಯಾರೂ ಕಡೆಯುವುದಿಲ್ಲ. ಕಡಿದ ಆಲೆ ಮರ ತಿಂಗಳುಗಟ್ಟಲೆ ಒಣಗಬೇಕು, ಇಲ್ಲವಾದರೆ ಬೊಂಬೆ ಆದ ಮೇಲೆ ಬಿರಿಯುತ್ತದೆ. ಹೊಸ ಅಪ್‌ಡೇಟನ್ನು ಇವನು ಬಂದ ದಿನವೇ ಅಂಗಡಿಗೆ ಹಾಕುವುದಿಲ್ಲ. ಅಂಗಡಿಯ ನಕಲೊಂದನ್ನು ಬೇರೆ ಕಡೆ ಇಟ್ಟುಕೊಂಡು ಅದರಲ್ಲಿ ಹಾಕಿ ವಾರ ನೋಡುತ್ತಾನೆ. ಹಾಗಾಗಿ ನಿಜವಾದ ಅಂಗಡಿ ಮುಚ್ಚಬೇಕಾದದ್ದು ಮೂರೇ ಗಂಟೆ.

ಹೊತ್ತಿನ ಆಯ್ಕೆ ನನಗೆ ತುಂಬ ಹಿಡಿಸಿತು. ಎಲ್ಲರೂ ಮಾಡುವಂತೆ ರಾತ್ರಿ ಎರಡಕ್ಕೆ ಮಾಡಬಹುದಿತ್ತಲ್ಲ ಎಂದೆ. ರೈಲ್ವೆಯ ಐಆರ್‌ಸಿಟಿಸಿ ಹಲವು ವರ್ಷಗಳಿಂದ ನಡುರಾತ್ರಿಯ ಆಚೀಚೆಯ ಅರ್ಧ ಗಂಟೆಯನ್ನು ಇದಕ್ಕೆಂದೇ ಎತ್ತಿಟ್ಟಿದೆ, ಜನ ಒಗ್ಗಿಕೊಂಡಿದ್ದಾರೆ. ಅವನು ಬೇರೆ ಲೆಕ್ಕ ತೋರಿಸಿದ. ಅವನ ದೊಡ್ಡ ಆರ್ಡರ್‌ಗಳು ಬರುವುದು ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳಿಂದ, ಬೊಂಬೆಹಬ್ಬಕ್ಕೆ. ನಮ್ಮ ರಾತ್ರಿ ಎರಡು ಅಂದರೆ ಬೇಸಿಗೆಯ ನ್ಯೂಜೆರ್ಸಿಯಲ್ಲಿ ಸಂಜೆ ನಾಲ್ಕೂವರೆ, ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ ಒಂದೂವರೆ. ಕೆಂಗಲ್‌ನಲ್ಲಿ ಮಧ್ಯಾಹ್ನ ಒಂದಾದಾಗ ಅಲ್ಲಿ ನಸುಕಿನ ಮೂರೂವರೆ, ನಡುರಾತ್ರಿ ಹನ್ನೆರಡೂವರೆ. ಇಲ್ಲಿ ಊಟದ ಹೊತ್ತು, ವಾರದ ನಡುದಿನ, ಅದೂ ಆಷಾಢ. ತನ್ನ ಗಿರಾಕಿ ಯಾವಾಗ ಮಲಗುತ್ತಾನೆ ಎಂದು ತಿಳಿದ ವ್ಯಾಪಾರಿ ಇವನು. ಬೇರೆ ಅಂಗಡಿಗೆ ಬೇರೆ ಹೊತ್ತು ಸರಿಹೋಗಬಹುದು, ಅವರವರ ಆರ್ಡರ್‌ಗಳ ಪಟ್ಟಿಯನ್ನೇ ನೋಡಬೇಕು.

ಈಗ ಬಾಗಿಲ ಮೇಲಿನ ಬೋರ್ಡಿಗೆ ಬರುತ್ತೇನೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ.

ನಮ್ಮ ಹಳ್ಳಿಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲ ನೆನಪಿದೆಯೆ? ದೆವ್ವ ಬಂದು ಓದಿ ಹಿಂದಿರುಗಲಿ, ಮರುದಿನವೂ ಅದನ್ನೇ ಓದಲಿ ಎಂದು ಬರೆದದ್ದು. ಹೊತ್ತು ಹೇಳದ ಮೇಂಟೆನೆನ್ಸ್ ಪುಟವೂ ಗಿರಾಕಿಗೆ ಹೇಳುವುದು ಅದನ್ನೇ. ‘ಶೀಘ್ರದಲ್ಲೇ ಮರಳುತ್ತೇವೆ’ ಎಂಬುದೂ ಬೇರೆಯಲ್ಲ. ಒಳ್ಳೆಯ ಬೋರ್ಡು ಹೇಗಿರಬೇಕೆಂದು ನೋಡಲು ದೂರ ಹೋಗಬೇಕಿಲ್ಲ, ಗ್ರಹಣದ ದಿನ ಯಾವುದೇ ದೇವಸ್ಥಾನದ ಮುಂದೆ ನಿಲ್ಲಿ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ರಾಜ್ಯದ ಹಲವು ದೇವಸ್ಥಾನಗಳು ಬಾಗಿಲು ಹಾಕಿದವು. ಇಂಥ ದಿನ ಏಕೆ ಮುಚ್ಚುತ್ತೇವೆ, ಎಷ್ಟು ಗಂಟೆಯಿಂದ, ಶುದ್ಧಿ ಮುಗಿಸಿ ಮತ್ತೆ ದರ್ಶನ ಯಾವಾಗ ಎಂಬುದೆಲ್ಲ ಎರಡು ಮೂರು ಸಾಲಿನಲ್ಲಿ ಮೊದಲೇ ಬರೆದಿರುತ್ತಾರೆ. ಭಕ್ತರು ಓದಿ, ಬೇಸರವಿಲ್ಲದೆ ಹೊರಟು, ಹೇಳಿದ ಹೊತ್ತಿಗೆ ಬರುತ್ತಾರೆ. ರಿಸರ್ವ್ ಬ್ಯಾಂಕ್ ಕೂಡ 2021ರ ಮೇ 23ರ ಭಾನುವಾರ ನಡುರಾತ್ರಿ ಹನ್ನೆರಡು ಕಳೆದಾಗಿನಿಂದ ಮಧ್ಯಾಹ್ನ ಎರಡರವರೆಗೆ ಬ್ಯಾಂಕ್ ಹಣ ವರ್ಗಾವಣೆಯ ನೆಫ್ಟ್ ಇರುವುದಿಲ್ಲ ಎಂದು ದಿನಗಳ ಮೊದಲೇ ಹೇಳಿ ನಿಲ್ಲಿಸಿತ್ತು.

ಕೆಂಗಲ್‌ನ ಹುಡುಗ ಬರೆದದ್ದು ಹೀಗಿತ್ತು: “ಹಣ ಕಟ್ಟುವ ವ್ಯವಸ್ಥೆಯನ್ನು ಸರಿಮಾಡುತ್ತಿದ್ದೇವೆ. ಇಂದು ಸಂಜೆ 4ಕ್ಕೆ ತೆರೆಯುತ್ತೇವೆ. ಹಿಂದೆ ಹಾಕಿದ ಆರ್ಡರ್‌ಗಳು ಸುರಕ್ಷಿತ, ಎಂದಿನಂತೆ ಕೊರಿಯರ್ ಆಗುತ್ತವೆ.” ಕೆಳಗೆ ಫೋನ್ ನಂಬರು, ಅದರ ಕೆಳಗೆ ಇದೇ ಇಂಗ್ಲಿಷಿನಲ್ಲಿ, ಅಮೆರಿಕದ ಹೊತ್ತಿನ ಜೊತೆಗೆ. ಮೂರನೆಯ ವಾಕ್ಯ ಬರೆಯಬೇಕೆಂದು ಹೊಳೆದದ್ದಕ್ಕೆ ಅವನ ಬೆನ್ನು ತಟ್ಟಿದೆ. ನಿನ್ನೆ ಹಣ ಕಟ್ಟಿದವನು ಇಂದು ಮುಚ್ಚಿದ ಬಾಗಿಲು ಕಂಡರೆ ಮೊದಲು ಹೆದರುವುದು ಆ ಹಣಕ್ಕೇ.

ಜನರಿಗೆ ಕಾಣದ ಇನ್ನೊಂದು ಬೋರ್ಡೂ ಇದೆ. ಗೂಗಲ್‌ನಂಥ ಹುಡುಕು ಯಂತ್ರಗಳು ಅಂಗಡಿಗಳನ್ನು ಸುತ್ತುತ್ತಲೇ ಇರುತ್ತವೆ. ಸರ್ವರ್ ಅವಕ್ಕೆ 503 ಎಂಬ ಸಂಖ್ಯೆಯನ್ನು ಕೊಟ್ಟರೆ ‘ತಾತ್ಕಾಲಿಕವಾಗಿ ಸೇವೆ ಇಲ್ಲ’ ಎಂದರ್ಥ. ಎಷ್ಟು ಹೊತ್ತು ಬಿಟ್ಟು ಬರಬೇಕೆಂದೂ ಅದರ ಜೊತೆಗೇ ಹೇಳಬಹುದು. ಬಾಗಿಲು ಹಾಕಿಯೂ ‘ಎಲ್ಲ ಸರಿಯಿದೆ’ ಎನ್ನುವ 200 ಕೊಟ್ಟರೆ ಯಂತ್ರ ನಂಬಿಬಿಡುತ್ತದೆ. ಕುದುರೆ ಬೊಂಬೆ ಹುಡುಕಿದವರಿಗೆ ಕುದುರೆಯ ಬದಲು ‘ದುರಸ್ತಿಯಲ್ಲಿದೆ’ ಎಂಬ ಸಾಲು ತೋರಿಸುತ್ತದೆ. ಹಾಗೆಂದು 503 ಅನ್ನು ದಿನಗಟ್ಟಲೆ ಇಡುವಂತಿಲ್ಲ, ಅಂಗಡಿ ಹೋಯಿತೆಂದು ಪುಟಗಳನ್ನೇ ಕೈಬಿಡುತ್ತದೆ. ಕೋವಿಡ್ ಶುರುವಾದ 2020ರಲ್ಲಿ ವ್ಯಾಪಾರ ನಿಲ್ಲಿಸಬೇಕಾದವರಿಗೆ ಗೂಗಲ್ ಕೊಟ್ಟ ಸಲಹೆಯೂ ಇದೇ: ಸೈಟ್ ಮುಚ್ಚಬೇಡಿ, ಕಾರ್ಟ್ ಮಾತ್ರ ನಿಲ್ಲಿಸಿ. ಕೆಲಸ ಅರ್ಧ ದಿನ ಮೀರುವಂತಿದ್ದರೆ ನನ್ನ ಮತವೂ ಅದೇ. ಬೊಂಬೆಗಳು ಕಾಣುತ್ತಿರಲಿ.

ವರ್ಡ್‌ಪ್ರೆಸ್ ಬಳಸುವ ಸಣ್ಣ ಅಂಗಡಿಯವರಿಗೆ ಒಂದು ಮಾತು. ಅಪ್‌ಡೇಟ್ ಆಗುವಾಗ ಅದು ತಾನೇ ಒಂದು ಪುಟ್ಟ ಫೈಲ್ ಇಟ್ಟು ಬಾಗಿಲು ಹಾಕಿಕೊಳ್ಳುತ್ತದೆ, ಮುಗಿದಾಗ ತೆಗೆಯುತ್ತದೆ. ಅದನ್ನೇ ನೆಚ್ಚಿ ಕೂರಬೇಡಿ. ನಡುವೆ ಕೆಲಸ ಕೆಟ್ಟು ಆ ಫೈಲ್ ಅಲ್ಲೇ ಉಳಿದರೂ 10 ನಿಮಿಷ ಕಳೆದ ಮೇಲೆ ವರ್ಡ್‌ಪ್ರೆಸ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅರ್ಧ ಬಿಚ್ಚಿದ ಅಂಗಡಿಗೆ ಗಿರಾಕಿ ಕಾಲಿಡುತ್ತಾನೆ. ಬಾಗಿಲನ್ನು ನೀವೇ ಹಾಕಿ, ನೀವೇ ತೆಗೆಯಿರಿ.

ಮೂರೂವರೆಗೆ ಅವನ ಕೆಲಸ ಮುಗಿಯಿತು. ಆದರೂ ಬಾಗಿಲು ತೆಗೆಯಲಿಲ್ಲ. ತನ್ನ ಒಂದು ಫೋನಿಗೆ ಮಾತ್ರ ಒಳಗೆ ಬರಲು ಬಿಟ್ಟುಕೊಂಡು, ಗಿರಾಕಿಯಂತೆ ಒಂದು ಬುಗುರಿ ಆರಿಸಿ, ನಿಜವಾದ ಹಣವನ್ನೇ ಕಟ್ಟಿದ. ಆರ್ಡರ್ ನಂಬರ್ ಬಂತು, ದಾಸ್ತಾನಿನಲ್ಲಿ ಒಂದು ಬುಗುರಿ ಕಡಿಮೆಯಾಯಿತು, ಅವನ ತಂದೆಯ ಫೋನಿಗೆ ಮೆಸೇಜು ಹೋಯಿತು. ಹಿಂದಿನ ಕೋಣೆಯಿಂದ “ಬಂತು” ಎಂಬ ಕೂಗು ಕೇಳಿಸಿತು. ಸರಿಯಾಗಿ ನಾಲ್ಕಕ್ಕೆ ಬಾಗಿಲು ತೆಗೆದ. ಬೋಣಿ ನನ್ನದಾಗಲಿ ಎಂದು ಎದುರಿಗೇ ಕೂತು ನನ್ನ ಫೋನಿನಲ್ಲಿ ಒಂದು ತಲೆಯಾಡಿಸುವ ಬೊಂಬೆಗೆ ಆರ್ಡರ್ ಹಾಕಿದೆ.

ಚನ್ನಪಟ್ಟಣ, ರಾಮನಗರದ ಬೊಂಬೆಯ ಆನ್‌ಲೈನ್ ಅಂಗಡಿಗಳವರಲ್ಲಿ ನನ್ನದೊಂದು ಕೋರಿಕೆ. ಶ್ರಾವಣ ಹುಟ್ಟಿದರೆ ಹೊರದೇಶದ ಆರ್ಡರ್‌ಗಳು ಶುರುವಾಗುತ್ತವೆ, ಪಾರ್ಸೆಲ್ ಸಮುದ್ರ ದಾಟಲು ದಿನ ಹಿಡಿಯುತ್ತದೆ. ಆಷಾಢ ಇನ್ನೂ ಹನ್ನೆರಡು ದಿನ ಇದೆ. ಬದಲಿಸಬೇಕಾದದ್ದನ್ನು ಅಷ್ಟರಲ್ಲಿ ಬದಲಿಸಿ ಮುಗಿಸಿ, ಆಮೇಲೆ ವಿಜಯದಶಮಿ ಕಳೆಯುವವರೆಗೆ ಬಾಗಿಲು ಹಾಕಬೇಡಿ. ಈ ಹನ್ನೆರಡು ದಿನಗಳಲ್ಲಿ ಹಾಕಿದಾಗ, ಬೋರ್ಡಿನ ಮೇಲೆ ಗಂಟೆ ಬರೆಯಿರಿ.