ಹೊಟ್ಟೆಗೂ ತಾಲೀಮು ಬೇಕು

2022ರ ಜೂನ್‌ನಲ್ಲಿ ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಐರನ್‌ಮ್ಯಾನ್ ಟ್ರಯಥ್ಲಾನ್ ಮುಗಿಸಿದರು. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದರ ಬೆನ್ನಿಗೇ 42.2 ಕಿ.ಮೀ. ಓಟ, ಹಿಡಿದದ್ದು 13 ಗಂಟೆ 26 ನಿಮಿಷ. ಇಂಥ ಸುದ್ದಿ ಬಂದಾಗಲೆಲ್ಲ ನಾವು ಕಿಲೋಮೀಟರ್ ಎಣಿಸಿ, ಛಲವನ್ನು ಹೊಗಳಿ ಸುಮ್ಮನಾಗುತ್ತೇವೆ. ಅಷ್ಟು ಹೊತ್ತು ಆ ದೇಹ ಏನು ತಿಂದು ನಡೆಯಿತೆಂದು ಕೇಳುವುದಿಲ್ಲ. ಟ್ರಯಥ್ಲಾನ್ ತಯಾರಿಯಲ್ಲಿ ಹೊಸಬರು ಕಡೆಗಣಿಸುವುದೂ ಅದನ್ನೇ.

ಕಾಲಿನ ತಾಲೀಮಿಗೆ ಕ್ರಮ ಗಟ್ಟಿಯಾಗಿದೆ. ಹೆಚ್ಚಿನ ಅಭ್ಯಾಸ ಮಾತಾಡುತ್ತಲೇ ಮಾಡುವಷ್ಟು ನಿಧಾನವಾಗಿರಬೇಕು. ಆಗಾಗ ಸೈಕಲ್ ಇಳಿದ ಕೂಡಲೇ ಓಡಬೇಕು, ಮರಗಟ್ಟಿದಂತಿರುವ ಕಾಲು ಪಳಗುವುದು ಹಾಗೆಯೇ. ಕೊನೆಯ ಎರಡು ವಾರ ಅಭ್ಯಾಸವನ್ನು ಅರ್ಧಕ್ಕಿಳಿಸಬೇಕು, ವೇಗ ಇಳಿಸಬಾರದು. ಉತ್ಸಾಹಿಗಳು ಎಡವುವುದು ಇಲ್ಲೇ, ಸುಮ್ಮನಿರಲು ಅವರಿಗೆ ಭಯ.

ಹೊಟ್ಟೆಯ ವಿಷಯ ಹೆಚ್ಚು ಸೂಕ್ಷ್ಮ. ಕರುಳು ಗಂಟೆಗೆ ಸುಮಾರು 60 ಗ್ರಾಂ ಗ್ಲೂಕೋಸನ್ನಷ್ಟೇ ಹೀರಿಕೊಳ್ಳಬಲ್ಲದು. ಫ್ರಕ್ಟೋಸ್ ಒಳಹೋಗುವ ದಾರಿಯೇ ಬೇರೆಯಾದ್ದರಿಂದ ಎರಡೂ ಬೆರೆತರೆ 90 ಗ್ರಾಂವರೆಗೆ ಏರಿಸಬಹುದು, ಅದೂ ವಾರಗಟ್ಟಲೆ ರೂಢಿಸಿದ ಹೊಟ್ಟೆಗೆ ಮಾತ್ರ. ದುಬಾರಿ ಜೆಲ್ ಪೊಟ್ಟಣದ ಗುಟ್ಟು ಇಷ್ಟೇ. ಬೆಲ್ಲವೂ ಹೊಟ್ಟೆಯಲ್ಲಿ ಈ ಎರಡೂ ಸಕ್ಕರೆಗಳಾಗಿ ಒಡೆಯುತ್ತದೆ. ಉಪ್ಪು, ನಿಂಬೆರಸ ಬಿದ್ದ ಬೆಲ್ಲದ ಪಾನಕವನ್ನು ಸೈಕಲ್ ಬಾಟಲಿಗೆ ತುಂಬಿಕೊಂಡು, ಕಾಲು ಗಂಟೆಗೊಮ್ಮೆ ಒಂದೆರಡು ಗುಟುಕು ಕುಡಿಯುವುದನ್ನು ರೂಢಿಸಿಕೊಂಡರೆ ಅದು ಪ್ರೋಟೀನ್ ಪುಡಿಯ ಡಬ್ಬಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸ್ಪರ್ಧೆಯ ಹಿಂದಿನ ಎರಡು ದಿನ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 10 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. 60 ಕಿಲೋ ತೂಗುವವರಿಗೆ 600 ಗ್ರಾಂ ಆಯಿತು. ನೂರು ಗ್ರಾಂ ಅನ್ನದಲ್ಲಿ ಸಿಗುವುದು 28 ಗ್ರಾಂನಷ್ಟೇ. ಬರೀ ಅನ್ನವಾದರೆ ಎರಡು ಕಿಲೋ ದಾಟುತ್ತದೆ, ಬಾಳೆಹಣ್ಣು, ಪಾನಕ ಜೊತೆಗಿರಲೇಬೇಕು. ಜೋಳದ ರೊಟ್ಟಿ, ಪುಂಡಿ ಪಲ್ಯ ನಮ್ಮ ಶಕ್ತಿ ನಿಜ. ಆದರೆ ನಾರು ಹೆಚ್ಚಾದ್ದರಿಂದ ಆ ಎರಡು ದಿನ ಅವಕ್ಕೆ ರಜೆ. ಅನ್ನವೇ ಸೈ, ಅಕ್ಕಿ ಗಿರಣಿಗಳ ನಮ್ಮೂರು ಕಾರಟಗಿಯಲ್ಲಿ ಸೋನಾ ಮಸೂರಿಗೇನು ಬರ!

ಬಿಸಿಲಿಗೂ ಇಲ್ಲಿ ಬರವಿಲ್ಲ. ಹತ್ತರಿಂದ ಹದಿನಾಲ್ಕು ದಿನ ಶೆಖೆಯಲ್ಲಿ ಅಭ್ಯಾಸ ಮಾಡಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಹರಿದು ಅದರಲ್ಲಿನ ಉಪ್ಪು ತಗ್ಗುತ್ತದೆ. ಹಾಗೆಂದು ಗಂಟೆಗಟ್ಟಲೆ ಬರೀ ನೀರು ಕುಡಿಯುತ್ತ ಹೋದರೆ ಸೋಡಿಯಂ ಇಳಿದು ಜೀವಕ್ಕೇ ಕುತ್ತು ಬರಬಹುದು.

ಮನಸ್ಸಿನ ತಯಾರಿಯೆಂದರೆ ಸ್ಫೂರ್ತಿಯ ಭಾಷಣ ಎಂದುಕೊಂಡವರಿದ್ದಾರೆ. ನಾನು ಒಪ್ಪುವುದಿಲ್ಲ. 2019ರಲ್ಲಿ ಗೋವಾದಲ್ಲಿ ಶುರುವಾದ, ಅರ್ಧ ದೂರದ ಐರನ್‌ಮ್ಯಾನ್ 70.3ರಲ್ಲಿ ಈಜಬೇಕಾದದ್ದು 1.9 ಕಿ.ಮೀ., ಅದೂ ಸಮುದ್ರದಲ್ಲಿ. ತಳ ಕಾಣದ ನೀರು, ಮುಖಕ್ಕೆ ತಾಗುವ ಇನ್ನೊಬ್ಬರ ಕಾಲು. ಎದೆ ಬಿಗಿಯುವ ಆ ಗಳಿಗೆಯಲ್ಲಿ ಕೈಹಿಡಿಯುವುದು ನೀರೊಳಗೆ ಪೂರ್ತಿ ಉಸಿರು ಬಿಡುವ ರೂಢಿ. ಅದನ್ನು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಕಲಿಯುತ್ತೇನೆನ್ನುವ ಹುಡುಗರಿಗೆ ಬೇಡ ಎನ್ನುತ್ತೇನೆ: ಸೆಳೆತ ಜೋರು, ಪಾಚಿ ಹಿಡಿದ ಇಳಿಜಾರು ದಂಡೆಯಲ್ಲಿ ಕೈಗೆ ಹಿಡಿತ ಸಿಗುವುದಿಲ್ಲ. ಓಟ, ಸೈಕಲ್ ಊರಲ್ಲೇ ಆದೀತು. ಈಜಿಗೆ ಮಾತ್ರ ದಡದಲ್ಲಿ ತರಬೇತುದಾರ ಇರುವ ಕೊಳವೇ ಬೇಕು, ಅದಕ್ಕಾಗಿ ಬೇರೆ ಊರಿನ ಬಸ್ಸು ಹತ್ತಬೇಕಾದರೂ ಸರಿ.