ಯೀಸ್ಟ್ ರಸದ ಪ್ರಯೋಗ: ತಡೆಯೇ ಕೊಟ್ಟ ಸಾಕ್ಷ್ಯ

ಲಂಡನ್ನಿನಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಯೀಸ್ಟ್ ರಸದ ಮೇಲೆ ನಡೆಸಿ 1906ರಲ್ಲಿ ಪ್ರಕಟಿಸಿದ ಪ್ರಯೋಗಗಳಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಸಾಲು. ಅದು ಅನ್ಯಾಯ. ಜೀವಕೋಶವಿಲ್ಲದೆಯೂ ಸಕ್ಕರೆ ಹುದುಗುತ್ತದೆಂದು ಬುಕ್ನರ್ 1897ರಲ್ಲೇ ತೋರಿಸಿದ್ದರು. ಅದು ನಡೆಯುವ ಬಗೆಯ ಮೊದಲ ಸುಳಿವು ಸಿಕ್ಕಿದ್ದು ಹಾರ್ಡನ್ ಮತ್ತು ಯಂಗ್ ಅವರ ಕೈಯಲ್ಲಿ. ಮಂದವಾದ ರಸಕ್ಕೆ ಫಾಸ್ಫೇಟ್ ಬೆರೆಸಿದೊಡನೆ ಇಂಗಾಲದ ಡೈಆಕ್ಸೈಡ್ ರಭಸದಿಂದ ಹೊರಟಿತು, ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು. ಹೆಚ್ಚಾಗಿ ಬಂದ ಅನಿಲ ಬೆರೆಸಿದ ಫಾಸ್ಫೇಟಿಗೆ ಅಣುವಿಗೆ ಅಣು ಸರಿಹೊಂದಿತು. ಫಾಸ್ಫೇಟ್ ಮಾತ್ರ ರಸದಲ್ಲಿ ಬಿಡಿಯಾಗಿ ಉಳಿದಿರಲಿಲ್ಲ, ಸಕ್ಕರೆಗೆ ಅಂಟಿಕೊಂಡಿತ್ತು. ಇಂದು ನಾವು ಫ್ರಕ್ಟೋಸ್-1,6-ಬಿಸ್‌ಫಾಸ್ಫೇಟ್ ಎನ್ನುವುದು ಅದನ್ನೇ.

ಒಡೆದ ಕೋಶದ ರಸದಲ್ಲಿ ಗುಡ್ಡೆಯಾದ ವಸ್ತು ಬದುಕಿರುವ ಯೀಸ್ಟಿಗೆ ಹೇಗೆ ಸಾಕ್ಷ್ಯವಾದೀತು ಎಂಬ ಆಕ್ಷೇಪ ಹಗುರವಾದದ್ದಲ್ಲ. ಹುರುಪಿನ ಯೀಸ್ಟಿನಲ್ಲಿ ಅದು ಹಾಗೆ ಗುಡ್ಡೆಯಾಗುವುದಿಲ್ಲ ಎಂಬುದೂ ನಿಜ. ಆದರೆ ಕಾರಣ ನೋಡಬೇಕು. ಒಂದು ಸಕ್ಕರೆಯ ಅಣುವಿಗೆ ಹೆಕ್ಸೋಕೈನೇಸ್ ಎಂಬ ಕಿಣ್ವ ಒಂದು, ಫಾಸ್ಫೋಫ್ರಕ್ಟೋಕೈನೇಸ್ ಎಂಬ ಕಿಣ್ವ ಇನ್ನೊಂದು ಎಟಿಪಿ ಖರ್ಚುಮಾಡುತ್ತವೆ. ಮುಂದಿನ ಹಂತಗಳಲ್ಲಿ ನಾಲ್ಕು ಹುಟ್ಟುತ್ತವೆ. ಉಳಿಯುವ ಎರಡನ್ನು ಬದುಕಿರುವ ಕೋಶ ತನ್ನ ಬೆಳವಣಿಗೆಗೆ ಬಳಸುತ್ತದೆ. ರಸದಲ್ಲಿ ಆ ಬಳಕೆ ಬಹುಮಟ್ಟಿಗೆ ನಿಂತಿರುತ್ತದೆ, ಹಾಗಾಗಿ ಅವು ಇನ್ನೊಂದು ಸಕ್ಕರೆಗೇ ಫಾಸ್ಫೇಟ್ ಅಂಟಿಸುತ್ತವೆ. ಅರ್ಧ ಸಕ್ಕರೆ ಮದ್ಯವಾಗುತ್ತದೆ, ಇನ್ನರ್ಧ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ಹಾರ್ಡನ್-ಯಂಗ್ ಸಮೀಕರಣ ಹೇಳುವುದೂ ಇದನ್ನೇ. ಸರಾಗವಾಗಿ ಹರಿಯುವ ಕೋಶದಲ್ಲಿ ಅಡಗಿರುವ ಲೆಕ್ಕ, ಹರಿವು ಕಟ್ಟಿದ್ದರಿಂದಲೇ ಕಣ್ಣಿಗೆ ಬಿತ್ತು.

ಹೀಗೆ ಸಕ್ಕರೆ ನಡುದಾರಿಯಲ್ಲಿ ಸಿಕ್ಕಿಬೀಳುವ ಅಪಾಯ ಬದುಕಿರುವ ಯೀಸ್ಟಿಗೂ ದೂರದ್ದಲ್ಲ. ಟಿಪಿಎಸ್1 ಜೀನ್ ಕಳೆದುಕೊಂಡ ತಳಿಗೆ ಗ್ಲೂಕೋಸ್ ಕೊಟ್ಟರೆ ಸಕ್ಕರೆ ಫಾಸ್ಫೇಟ್‌ಗಳು ಗುಡ್ಡೆಯಾಗುತ್ತವೆ, ಎಟಿಪಿಯೂ ಬಿಡಿ ಫಾಸ್ಫೇಟೂ ಕುಸಿಯುತ್ತವೆ, ಕೋಶ ಬೆಳೆಯಲಾರದು. ಆ ಜೀನಿನ ಕಿಣ್ವ ತಯಾರಿಸುವ ಟ್ರೆಹಲೋಸ್-6-ಫಾಸ್ಫೇಟ್ ಹೆಕ್ಸೋಕೈನೇಸಿಗೆ ಕಡಿವಾಣ ಹಾಕುತ್ತದೆ. ಕಡಿವಾಣವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಟ್ರೆಹಲೋಸ್ ತಯಾರಿಯಲ್ಲಿ ಫಾಸ್ಫೇಟ್ ಬಿಡುಗಡೆಯಾಗುವುದೂ ಲೆಕ್ಕಕ್ಕೆ ಬರಬೇಕು. ಆದರೂ ಮೊದಲೇ ಖರ್ಚು, ಆಮೇಲೆ ಗಳಿಕೆ ಎಂಬ ಏರ್ಪಾಡಿನ ಅಪಾಯ ರಸದಲ್ಲೂ ಕೋಶದಲ್ಲೂ ಒಂದೇ. ಸಕ್ಕರೆ ಒಡೆಯುವ ಈ ದಾರಿಯನ್ನು, ಅಂದರೆ ಗ್ಲೈಕಾಲಿಸಿಸನ್ನು, ಬಾಣಗಳ ಸಾಲಾಗಿ ಬರೆಸುವ ಅಧ್ಯಾಪಕರು ಅದರ ಪಕ್ಕದಲ್ಲೇ ಹಾರ್ಡನ್-ಯಂಗ್ ಸಮೀಕರಣವನ್ನೂ ಬರೆಸಲಿ.