ಕಿವಿಯಲ್ಲಿ ಹೇಳುವ ಹೆಸರು

ಲಿಜೋ ಜೋಸ್ ಪೆಲ್ಲಿಶೇರಿಯವರ ಮಲಯಾಳಂ ಚಿತ್ರ 'ಈ.ಮ.ಯೌ.' (2018) ನೋಡಿ ಬಂದ ರಾತ್ರಿ ನಿದ್ದೆ ಬರಲಿಲ್ಲ. ಈಶೋ, ಮರಿಯಂ, ಯೌಸೇಪ್ಪೆ: ಸಾಯುವವರ ಕಿವಿಯಲ್ಲಿ ಉಸುರುವ ಈ ಮೂರು ಹೆಸರುಗಳ ಮೊದಲಕ್ಷರಗಳೇ ಚಿತ್ರದ ಶೀರ್ಷಿಕೆ. ಚೆಲ್ಲಾನಂ ಕಡಲತೀರದ ಬಡವ ಈಶಿ, ಅಪ್ಪನನ್ನು ಅದ್ದೂರಿಯಾಗಿ ಮಣ್ಣು ಮಾಡ್ತೀನಿ ಅಂತ ಮಾತು ಕೊಟ್ಟವನು. ಪಾದ್ರಿ ಆ ಸಾವನ್ನೇ ಅನುಮಾನಿಸುತ್ತಾನೆ. ಕೊನೆಗೆ ಮಗನೇ ಮನೆಯಂಗಳದಲ್ಲಿ ಗುಂಡಿ ತೋಡುತ್ತಾನೆ.

ಇದು ಸಾವಿನ ಕುರಿತ ಚಿತ್ರ ಎನ್ನುತ್ತಾರೆ. ನನಗೆ ಕಂಡದ್ದು ಮಣ್ಣು. ನಮ್ಮೂರ ಕ್ರೈಸ್ತರ ಸಮಾಧಿಭೂಮಿಯಲ್ಲಿ ನಮ್ಮ ಕೇರಿಯವರಿಗೆ ಬೇರೆಯೇ ಮೂಲೆ. 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು; 1990ರಲ್ಲಿ ಬೌದ್ಧರು ಒಳಬಂದರು, ನಾವು ಹೊರಗೇ ಉಳಿದೆವು. ನಿಮಗೆ ಜಾತಿಯಿಲ್ಲ ಅನ್ನುತ್ತೆ ಸರ್ಕಾರದ ಕಾಗದ. ಇದೆ ಅನ್ನುತ್ತೆ ಸಮಾಧಿ. ಚಿತ್ರದ ಸಿಟ್ಟು ಒಬ್ಬ ಪಾದ್ರಿಯ ಸೊಕ್ಕಿಗೇ ನಿಂತುಬಿಡುತ್ತದೆ, ಈ ಮೂಲೆಯವರೆಗೆ ಬರುವುದಿಲ್ಲ. ಅದೇ ನನ್ನ ತಕರಾರು.

ಆದರೂ ನಮ್ಮವ್ವ ಒಲೆ ಹಚ್ಚೋ ಮೊದಲು ಶಿಲುಬೆ ಗುರುತು ಹಾಕ್ಕೋತಾಳೆ. ಆ ಮೂಲೆಗೇ ಹೋಗಿ ಅಜ್ಜನ ಸಮಾಧಿಗೆ ಮೇಣದಬತ್ತಿ ಹಚ್ಚುತ್ತಾಳೆ. ಕೇಳಿದರೆ, "ಮೂಲೆ ಮಾಡಿದ್ದು ಮನುಷ್ಯರು ಕಣೋ, ಯೇಸಪ್ಪ ಅಲ್ಲ" ಅಂತಾಳೆ. ಇದನ್ನು ಬರೀ ಮೌಢ್ಯ ಎನ್ನುವ ಸಂಗಾತಿಗಳು ಒಮ್ಮೆ ಅವಳ ಜೊತೆ ಆ ಮೂಲೆಗೆ ಹೋಗಿ ಬರಲಿ.